ಉಗ್ರಾಣದಕ್ಕ ಮತ್ತು ನಲವತ್ತೊಂದನೇ ಪೆಟ್ಟಿಗೆ

ಪ್ರಯೋಗಾಲಯದ ಹುಡುಗಿ ನಲವತ್ತೊಂದನೇ ಪೆಟ್ಟಿಗೆಯನ್ನು ಮೂರನೇ ಸಲ ಕೇಳಿಕೊಂಡು ಬಂದಾಗ ಉಗ್ರಾಣದಕ್ಕ ಬರೆಯುತ್ತಿದ್ದದ್ದನ್ನು ಅಲ್ಲಿಗೇ ನಿಲ್ಲಿಸಿದಳು. ಒಂದು ಸಲ ಕೇಳುವುದು ವಾಡಿಕೆ. ಎರಡನೇ ಸಲ ಕೇಳಿದರೆ ಮೊದಲು ಒಯ್ದ ತುಂಡು ಸಾಲದೆ ಬಂತೆಂದು ತಿಳಿಯಬಹುದು. ಅದರಲ್ಲೇನೋ ಐಬು ಕಂಡ ಹೊರತು ಒಂದೇ ಕಲ್ಲನ್ನು ಮೂರನೇ ಸಲ ಯಾರೂ ಕೇಳುವುದಿಲ್ಲ.

ಭೂವಿಜ್ಞಾನ ಸಂಸ್ಥೆಯ ಹಿಂದುಗಡೆ, ಜನರೇಟರ್ ಕೋಣೆ ದಾಟಿದರೆ, ತಗಡಿನ ಸೂರಿನ ಉದ್ದನೆಯ ಶೆಡ್ಡು. ಅದೇ ಅವಳ ಉಗ್ರಾಣ. ಒಳಗೆ ಆಳೆತ್ತರಕ್ಕೂ ಮೀರಿದ ಕಬ್ಬಿಣದ ಚರಣಿಗೆಗಳು, ಅವುಗಳಲ್ಲಿ ಸಾಲು ಸಾಲು ಮರದ ಪೆಟ್ಟಿಗೆಗಳು. ನೆಲವನ್ನು ಕೊರೆದು ತೆಗೆದ ಕಲ್ಲಿನ ಕಡ್ಡಿಗಳು, ಮಣಿಕಟ್ಟಿನಷ್ಟು ದಪ್ಪನೆಯವು, ಆ ಪೆಟ್ಟಿಗೆಗಳಲ್ಲಿ ಮಲಗಿರುತ್ತಿದ್ದವು. ಒಂದು ಪೆಟ್ಟಿಗೆಗೆ ಐದು ಕಾಲುವೆ, ಒಂದು ಕಾಲುವೆಗೆ ಒಂದು ಮೀಟರು ಕಲ್ಲು. ಪುಸ್ತಕದ ಸಾಲು ಓದಿದ ಹಾಗೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ನೋಡುತ್ತ ಹೋದರೆ ನೆಲದೊಳಕ್ಕೆ ಇಳಿದ ಹಾಗೆ. ಕಡ್ಡಿಯ ಮೈಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ, ಒಂದು ಕಪ್ಪು ಗೆರೆ ಎಳೆದಿರುತ್ತಿದ್ದರು. ಕೆಂಪು ಬಲಕ್ಕಿದ್ದರೆ ಕಲ್ಲು ನೆಟ್ಟಗಿದೆ, ಎಡಕ್ಕಿದ್ದರೆ ಯಾರೋ ತಿರುವಿ ಇಟ್ಟಿದ್ದಾರೆ ಎಂದರ್ಥ.

ಇಲ್ಲಿಗೆ ಬರುವ ಮೊದಲು ಅವಳು ಬಸ್ ಡಿಪೋದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿದ್ದಳು. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಯಾವುದು ಯಾವ ಬಸ್ಸಿನದು, ಯಾವ ದಿನದ್ದು ಎಂದು ಚೀಟಿ ಕಟ್ಟಿ ಇಡುವ ಕೆಲಸ. ಆ ಚೀಟಿಯ ಶಿಸ್ತನ್ನೇ ಕಲ್ಲಿಗೂ ತಂದಳು. ಇಪ್ಪತ್ತೆರಡು ವರ್ಷದಲ್ಲಿ ಸಂಸ್ಥೆಯವರಿಗೆ ಅವಳ ಮೇಲೆ ಎಂಥ ಭರವಸೆ ಬಂದಿತ್ತೆಂದರೆ, ಕಲ್ಲು ತೆಗೆಯಲು ಕೊರೆದ ಕೊಳವೆಯ ಸಂಖ್ಯೆ ಮತ್ತು ಆಳ ಹೇಳಿದರೆ ಸಾಕು, ರಿಜಿಸ್ಟರು ತೆರೆಯದೆಯೇ ನೇರ ಹೋಗಿ ಪೆಟ್ಟಿಗೆಯ ಮೇಲೆ ಕೈಯಿಡುತ್ತಾಳೆ ಎಂದು ಹೊಸಬರಿಗೆ ಹೇಳಿ ತೋರಿಸುತ್ತಿದ್ದರು. ಅವಳಿಗೂ ಒಳಗೊಳಗೇ ಹೆಮ್ಮೆ.

ಹುಡುಗಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಲ್ಲನ್ನು ಬೆರಳಿನಿಂದ ಸವರುತ್ತಿದ್ದಳು. ಉಗ್ರಾಣದಕ್ಕ ತಡೆಯಲಾರದೆ ಏನಾಯಿತೆಂದು ಕೇಳಿದಳು.

"ಲೆಕ್ಕ ತಲೆಕೆಳಗಾಗಿ ಬರ್ತಿದೆ ಅಕ್ಕ. ಮೇಲಿರೋ ಈ ಕಲ್ಲು ಮುನ್ನೂರ ಹತ್ತು ಕೋಟಿ ವರ್ಷದ್ದು ಅಂತಿದೆ. ನಲವತ್ತೆಂಟನೇ ಪೆಟ್ಟಿಗೇದು ಅದಕ್ಕಿಂತ ಮೂವತ್ತೈದು ಮೀಟರ್ ಕೆಳಗಿರೋದು, ಅದು ಇನ್ನೂರ ಎಪ್ಪತ್ತೇ ಅಂತಿದೆ. ಅಡೀಲಿರೋದು ತಾನೇ ಹಳೇದಾಗಿರಬೇಕು?"

ನಲವತ್ತೊಂದು, ನಲವತ್ತೆಂಟು. ಎರಡು ಸಂಖ್ಯೆಗಳೂ ಒಟ್ಟಿಗೇ ಕಿವಿಗೆ ಬಿದ್ದಾಗ ಉಗ್ರಾಣದಕ್ಕನಿಗೆ ತಾನೇ ಬರೆದು ಅಂಟಿಸಿದ್ದ ಎರಡು ಚೀಟಿಗಳು ನೆನಪಾದವು.

ಆರು ವರ್ಷದ ಹಿಂದಿನ ಮಾತು. ತುಕ್ಕು ತಿಂದಿದ್ದ ಒಂದು ಚರಣಿಗೆಯ ಕಾಲು ಮಡಚಿಕೊಂಡು ಹದಿನೆಂಟು ಪೆಟ್ಟಿಗೆಗಳು ನೆಲಕ್ಕೆ ಬಿದ್ದವು. ಪಕ್ಕದಲ್ಲಿದ್ದ ನೀರಿನ ಪೈಪು ಒಡೆದು ಎಲ್ಲದರ ಮೇಲೂ ನೀರು. ಮೇಲಧಿಕಾರಿ ರಜೆಯ ಮೇಲಿದ್ದರು. ಅವಳೊಬ್ಬಳೇ ಮೂರು ದಿನ ಮಂಡಿಯೂರಿ ಕೂತು, ಮುರಿದ ತುದಿಗೆ ಮುರಿದ ತುದಿ ಹೊಂದಿಸಿ, ಒಂದೊಂದೇ ಕಡ್ಡಿಯನ್ನು ಕಾಲುವೆಗೆ ಮರಳಿಸಿದಳು. ಹದಿನಾರು ಪೆಟ್ಟಿಗೆಯ ಸಂಖ್ಯೆ ಉಳಿದಿತ್ತು. ಎರಡರದ್ದು ಮಾತ್ರ ನೀರಿಗೆ ತೊಳೆದುಹೋಗಿತ್ತು. ಎರಡರಲ್ಲೂ ಒಂದೇ ಬೂದು ಬಣ್ಣದ ಕಲ್ಲು. ಆಳ ಬರೆದಿದ್ದ ಮರದ ತುಂಡುಗಳೂ ಬಿಳಿಚಿಕೊಂಡಿದ್ದವು. ಅಕ್ಕಪಕ್ಕದ ಪೆಟ್ಟಿಗೆಗಳ ಕಲ್ಲಿಗೆ ಹೊಂದಿಸೋಣವೆಂದರೆ ಕೊರೆಯುವಾಗ ತಿರುಗಿ ತಿರುಗಿ ತುದಿಗಳು ಗುಂಡಗೆ ಸವೆದುಹೋಗಿದ್ದವು. ಕೊನೆಗೆ, ಮೂಲೆ ಚಕ್ಕೆಯೆದ್ದಿದ್ದ ಪೆಟ್ಟಿಗೆಯೇ ನಲವತ್ತೊಂದು ಎಂದು ನೆನಪಾದಂತಾಗಿ, ಹಾಗೆಂದೇ ಬರೆದು ಅಂಟಿಸಿದಳು. ಅಧಿಕಾರಿ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡಳು. ಅವರು ಬಂದ ದಿನ ಹೊಸ ಚರಣಿಗೆಯ ಗಡಿಬಿಡಿ, ಮರುದಿನ ಇನ್ನೇನೋ. ಹೇಳುವ ಮಾತು ಹಳೆಯದಾಗುತ್ತ ಹೋದ ಹಾಗೆ ಬಾಯಿಗೆ ಬರುವುದೂ ಕಷ್ಟವಾಯಿತು.

ಈಗ ಅವೆರಡನ್ನೂ ಅದಲುಬದಲು ಮಾಡಿಬಿಟ್ಟರೆ ಹುಡುಗಿಯ ಲೆಕ್ಕ ನೆಟ್ಟಗಾಗುತ್ತದೆ. ಅಂದರೆ ತಪ್ಪು ಭೂಮಿಯದಲ್ಲ, ತನ್ನದು. ಹಾಗೆಂದು ಅನ್ನಿಸಿದ ಮರುಗಳಿಗೆಯೇ ಇನ್ನೊಂದು ಸಂಶಯ ಎದ್ದಿತು. ಲೆಕ್ಕವಾದರೂ ಸರಿಯೆಂದು ಯಾರು ಹೇಳಿದ್ದು? ಕಲ್ಲಿನ ವಯಸ್ಸನ್ನು ಇವರು ಕಂಡುಹಿಡಿಯುವುದಾದರೂ ಹೇಗೆ? ಇಷ್ಟು ವರ್ಷ ಕಲ್ಲು ಎತ್ತಿಕೊಟ್ಟದ್ದೇ ಹೊರತು ಅದನ್ನವಳು ಕೇಳಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಪ್ರಯೋಗಾಲಯಕ್ಕೇ ಹೋದಳು. ಹುಡುಗಿ ಅನ್ನ ತಿನ್ನುತ್ತಲೇ ವಿವರಿಸಿದಳು. ಈ ಎರಡು ಕಲ್ಲುಗಳೂ ಒಂದಾನೊಂದು ಕಾಲದ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಇವನ್ನು ಪುಡಿಮಾಡಿ ಜಾಲಾಡಿದರೆ ಸಕ್ಕರೆ ಹರಳಿಗಿಂತ ಎಷ್ಟೋ ಸಣ್ಣ ಜಿರ್ಕಾನ್ ಹರಳುಗಳು ಸಿಗುತ್ತವೆ. ಹರಳು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಆ ಯುರೇನಿಯಂ ತನ್ನಷ್ಟಕ್ಕೆ ತಾನು ಒಡೆಯುತ್ತ ಒಡೆಯುತ್ತ ಸೀಸವಾಗುತ್ತದೆ. ಹಾಗಾಗಿ ಈಗ ಒಳಗೆ ಎಷ್ಟು ಸೀಸ ಇದೆ, ಎಷ್ಟು ಯುರೇನಿಯಂ ಉಳಿದಿದೆ ಎಂದು ಯಂತ್ರದಲ್ಲಿ ಅಳೆದರೆ ಹರಳು ಹುಟ್ಟಿ ಎಷ್ಟು ಕಾಲವಾಯಿತೆಂದು ಹೇಳಬಹುದು. ಯುರೇನಿಯಮ್ಮಿನಲ್ಲಿ ಹೆಚ್ಚಾಗಿ ಸಿಗುವ ಬಗೆ ಅರ್ಧದಷ್ಟು ಸೀಸವಾಗಲು ಸುಮಾರು ನಾನೂರ ನಲವತ್ತೇಳು ಕೋಟಿ ವರ್ಷ ಬೇಕಂತೆ.

"ಅಷ್ಟು ವರ್ಷ ಯಾರು ಕೂತ್ಕೊಂಡು ನೋಡಿದ್ರಮ್ಮ?"

ಯಾರೂ ಕೂರಬೇಕಿಲ್ಲ, ಒಂದು ಚಿಟಿಕೆಯಲ್ಲೂ ಲೆಕ್ಕವಿಲ್ಲದಷ್ಟು ಕಣಗಳಿರುತ್ತವೆ, ಒಂದು ಗಂಟೆಗೆ ಎಷ್ಟು ಒಡೆಯುತ್ತವೆಂದು ಎಣಿಸಿದರೆ ವೇಗ ತಿಳಿಯುತ್ತದೆ ಎಂದಳು ಹುಡುಗಿ. ಉಗ್ರಾಣದಕ್ಕ ತಲೆಯಾಡಿಸಿದಳು. ಆಡಿಸಿದ್ದು ತಲೆ ಮಾತ್ರ.

ಅವಳ ಗಂಡ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು. ನಸುಕಿಗೇ ಕೆಲಸಕ್ಕೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬಂದು ಮಲಗುತ್ತಿದ್ದ. ಅವಳು ಸಂಜೆ ಮನೆಗೆ ಬಂದಾಗ ಅವನು ಎದ್ದು ಬನಿಯನ್ನಿನಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು, ಬಿದ್ದ ಪೆಟ್ಟಿಗೆಗಳ ವಿಷಯವೊಂದನ್ನು ಬಿಟ್ಟು. ಅವನು ಚಹಾ ಮುಗಿಸುವವರೆಗೂ ಯೋಚಿಸಿದ.

"ಗಂಟೆಗೆ ಎಷ್ಟು ಬ್ರೆಡ್ಡು ಅಂತ ಗೊತ್ತಿದ್ರೆ, ಇರೋ ಬ್ರೆಡ್ಡು ಎಣಿಸಿ ಒಲೆ ಯಾವಾಗ ಹಚ್ಚಿದ್ರು ಅಂತ ಹೇಳ್ಬಹುದು, ಒಪ್ಪಿದೆ. ಆದ್ರೆ ಮಧ್ಯ ಒಲೆ ಕೆಟ್ಟಿದ್ರೆ? ಯಾರಾದ್ರೂ ನಾಲ್ಕು ಬ್ರೆಡ್ಡು ಎತ್ಕೊಂಡು ಹೋಗಿದ್ರೆ?"

ಮರುದಿನ ಇದನ್ನೇ ಹುಡುಗಿಯ ಮುಂದಿಟ್ಟಳು. ಹುಡುಗಿಗೆ ನಗು ಬಂತು, ಆದರೆ ಪ್ರಶ್ನೆ ಸರಿಯಾಗಿದೆ ಎಂದಳು. ಈ ಒಲೆ ಕೆಡುವುದಿಲ್ಲ, ಕಾಯಿಸಿದರೂ ಒತ್ತಿದರೂ ಒಂದೇ ವೇಗ. ಬ್ರೆಡ್ಡು ಕಳವಾಗುವುದು ಮಾತ್ರ ನಿಜ, ಹರಳಿನಿಂದ ಸೀಸ ಸೋರಿಹೋಗಬಹುದು. ಅದಕ್ಕೇ ಒಂದೇ ಹರಳಿನಲ್ಲಿ ಎರಡು ಬಗೆಯ ಯುರೇನಿಯಮ್ಮನ್ನು ನೋಡುತ್ತಾರೆ. ಎರಡರ ವೇಗ ಬೇರೆ ಬೇರೆ. ಎರಡೂ ಬೇರೆ ಬೇರೆಯಾಗಿ ಒಂದೇ ವಯಸ್ಸು ಹೇಳಿದರೆ ನಂಬುತ್ತಾರೆ. ನಲವತ್ತೊಂದರಲ್ಲೂ ನಲವತ್ತೆಂಟರಲ್ಲೂ ಎರಡೂ ಒಂದೇ ಮಾತು ಹೇಳಿದ್ದವು.

ಹಾಗಾದರೆ ಈ ಉಗ್ರಾಣದ ಅತಿ ಹಳೆಯ ಕಲ್ಲಿನ ವಯಸ್ಸೇ ಭೂಮಿಯ ವಯಸ್ಸೋ ಎಂದು ಕೇಳಿ ಉಗ್ರಾಣದಕ್ಕ ಇನ್ನಷ್ಟು ಸಿಕ್ಕಿಹಾಕಿಕೊಂಡಳು. ಅಲ್ಲವಂತೆ. ಭೂಮಿ ಹುಟ್ಟಿದಾಗಿನ ಕಲ್ಲು ಭೂಮಿಯ ಮೇಲೆ ಎಲ್ಲೂ ಉಳಿದಿಲ್ಲವಂತೆ. ತನ್ನ ಕಲ್ಲನ್ನು ತಾನೇ ಕರಗಿಸಿ ಮತ್ತೆ ಮತ್ತೆ ಎರಕ ಹೊಯ್ಯುವುದು ಅದರ ಅಭ್ಯಾಸ. ಇಲ್ಲಿ ಸಿಕ್ಕಿರುವ ಅತಿ ಹಳೆಯ ಹರಳೇ ನಾನೂರ ನಲವತ್ತು ಕೋಟಿಯ ಆಸುಪಾಸು. ಭೂಮಿಗೆ ನಾನೂರ ಐವತ್ತನಾಲ್ಕು ಎಂದು ಹೇಳಿದ್ದು ಆಕಾಶದಿಂದ ಬಿದ್ದ ಉಲ್ಕೆಗಳ ಸೀಸ ನೋಡಿ.

"ನನ್ನ ವಯಸ್ಸು ತಿಳ್ಕೊಳ್ಳೋಕೆ ಪಕ್ಕದ ಮನೆಯವಳ ವಯಸ್ಸು ಕೇಳಿದ ಹಾಗಾಯ್ತಲ್ಲಮ್ಮ."

"ಪಕ್ಕದ ಮನೆಯವಳಲ್ಲ ಅಕ್ಕ, ಜೊತೇಲಿ ಹುಟ್ಟಿದವಳು. ಒಂದೇ ಧೂಳಿನಿಂದ, ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ಭೂಮೀಲಿರೋ ಸೀಸಾನೂ ಉಲ್ಕೆ ಸೀಸಾನೂ ಒಂದೇ ಗೆರೆ ಮೇಲೆ ಬಂದು ಕೂತ್ಕೊಳ್ಳುತ್ತೆ."

ಗೆರೆ ಎಂದರೆ ಎಂಥ ಗೆರೆ ಎಂದು ಕೇಳುವ ಧೈರ್ಯ ಉಗ್ರಾಣದಕ್ಕನಿಗೆ ಬರಲಿಲ್ಲ. ಕೆಂಪು ಗೆರೆ, ಕಪ್ಪು ಗೆರೆಯೇ ಕಣ್ಣ ಮುಂದೆ ಬಂದವು. ಆದರೆ ಒಂದು ಮಾತು ಮನಸ್ಸಿಗೆ ಹತ್ತಿತು. ಇವರು ಒಂದು ಸಾಕ್ಷಿಯನ್ನು ನಂಬುವವರಲ್ಲ. ಎರಡು ಬೇಕು, ಎರಡೂ ಒಂದನ್ನೊಂದು ಕೇಳಿಕೊಳ್ಳದೆ ಒಂದೇ ಉತ್ತರ ಕೊಡಬೇಕು. ಅವಳ ನಲವತ್ತೊಂದನೇ ಪೆಟ್ಟಿಗೆಗೆ ಇದ್ದದ್ದು ಒಂದೇ ಸಾಕ್ಷಿ, ಚಕ್ಕೆಯೆದ್ದ ಮೂಲೆ. ಅದೂ ನೆನಪಿನ ಮೇಲೆ.

ಅಷ್ಟರಲ್ಲಿ ದೊಡ್ಡ ಮೇಷ್ಟ್ರು ಉಗ್ರಾಣಕ್ಕೆ ಬಂದರು. ಸಂಸ್ಥೆಯ ಹಿರಿಯ ವಿಜ್ಞಾನಿ, ಹುಡುಗಿಗೆ ಗುರು. ಯಾವಾಗಲೂ ನೆಲ ನೋಡಿಕೊಂಡು ನಡೆಯುವ ಆ ಮನುಷ್ಯ ಅವತ್ತು ಹುಡುಗನ ಹಾಗೆ ಲವಲವಿಕೆಯಿಂದಿದ್ದರು. ನೆಲದ ಪದರುಗಳು ಮಡಚಿಕೊಂಡು, ಹಾಸಿಗೆ ಮಗುಚಿದ ಹಾಗೆ ಮೇಲಿನದು ಕೆಳಗಾಗಿದೆ, ಇದನ್ನು ಈ ಭಾಗದಲ್ಲಿ ಇದುವರೆಗೆ ಯಾರೂ ಕಂಡಿಲ್ಲ ಎಂದು ಅವಳಿಗೇ ವಿವರಿಸಿದರು. ಮುಂದಿನ ತಿಂಗಳು ಹೊರಗಿನ ವಿಜ್ಞಾನಿಗಳು ನೋಡಲು ಬರುತ್ತಾರೆ, ಎರಡು ಪೆಟ್ಟಿಗೆಗಳನ್ನೂ ಒರೆಸಿ ಮುಂದಿಡಬೇಕು ಎಂದರು. ಹೊರಡುವಾಗ ತಿರುಗಿ ನಿಂತು, "ನಿಮ್ಮಷ್ಟು ಕಟ್ಟುನಿಟ್ಟಾಗಿ ಇಟ್ಟಿರೋರು ಬೇರೆಲ್ಲೂ ಇಲ್ಲಮ್ಮ" ಎಂದು ಕೈಮುಗಿದರು. ಉಗ್ರಾಣದಕ್ಕನಿಗೆ ಯಾರಾದರೂ ಎರಡು ಬೈದಿದ್ದರೆ ವಾಸಿ ಎನ್ನಿಸಿತು.

ಅವತ್ತು ಬಾಗಿಲು ಹಾಕಿಕೊಂಡು ಎರಡೂ ಪೆಟ್ಟಿಗೆ ಇಳಿಸಿ ನೋಡಿದಳು. ಗೆರೆಗಳೆಲ್ಲ ನೆಟ್ಟಗಿದ್ದವು. ಆದರೆ ಗೆರೆ ಹೇಳುವುದು ತಲೆ ಯಾವುದು, ಕಾಲು ಯಾವುದು ಎಂದಷ್ಟೇ, ಯಾವ ಮನೆಯದು ಎಂದಲ್ಲ. ಚಕ್ಕೆಯೆದ್ದ ಮೂಲೆಯನ್ನು ಮುಟ್ಟಿದಳು. ಇದು ಬೀಳುವ ಮೊದಲೇ ಚಕ್ಕೆಯೆದ್ದಿತ್ತೋ, ಬಿದ್ದದ್ದರಿಂದ ಎದ್ದಿತೋ? ಆರು ವರ್ಷದಲ್ಲಿ ಇದು ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಇದ್ದೊಂದು ಸಾಕ್ಷಿಯೂ ಕೈಬಿಟ್ಟಿತು.

ಭಾನುವಾರ ಬೋರಣ್ಣನ ಮನೆ ಹುಡುಕಿಕೊಂಡು ಹೋದಳು. ಆ ಪೆಟ್ಟಿಗೆಗಳ ಕಲ್ಲು ಬಂದ ಕೊಳವೆಯನ್ನು ಕೊರೆದವನು ಅವನೇ, ನಿವೃತ್ತನಾಗಿ ಒಂಬತ್ತು ವರ್ಷ. ಯಂತ್ರದ ಸದ್ದಿಗೆ ಕಿವಿ ಕೈಕೊಟ್ಟಿತ್ತು. ನಲವತ್ತೊಂದು ಎಂದರೆ ಅವನು ಬಾಡಿಗೆ ಮನೆಯ ನಂಬರು ಎಂದುಕೊಂಡು ಎದುರು ಬೀದಿ ತೋರಿಸಿದ. ಕೊನೆಗೆ ಅವಳು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಬೇಕಾಯಿತು. ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ನಿಧಾನವಾಗಿ ಹೇಳಿದ.

"ತಂಗಿ, ಆ ತೂತಲ್ಲಿ ಎಷ್ಟೋ ಕಡೆ ಕಲ್ಲು ಬರೀ ಪುಡಿಯಾಗಿ ಬಂತು. ಎರಡು ಮೀಟರ್ ಕೊರೆದ್ರೆ ಒಂದೂವರೆ ಕೈಗೆ ಸಿಕ್ತಿತ್ತು. ಉಳಿದ ಅರ್ಧ ಮೇಲಿನದೋ ಕೆಳಗಿನದೋ ಯಾರು ಕಂಡೋರು. ಗೊತ್ತಿಲ್ಲದ ಕಡೆ ನಾನೂ ಗೊತ್ತಿದ್ದೋನ ಹಾಗೆ ಬರೆದಿದ್ದೀನಿ."

ಸಮಾಧಾನಕ್ಕೆಂದು ಹೋದವಳು ಹೊಸ ತಲೆನೋವು ಹೊತ್ತು ಬಂದಳು. ತಾನು ಕಣ್ಣಿಗೊತ್ತಿಕೊಂಡು ಕಾಪಾಡಿದ ಅಳತೆಗಳಲ್ಲೂ ಅಂದಾಜು ಬೆರೆತಿದೆ. ಚೀಟಿಯ ಮೇಲೆ ಬರೆದದ್ದೆಲ್ಲ ನಿಜವೆಂದು ಅವಳು ಡಿಪೋದ ಕಾಲದಿಂದಲೂ ನಂಬಿದ್ದಳು. ಯಾರೋ ಬರೆದ ಮೇಲೆ ತಾನೇ ಅದು ಚೀಟಿಯಾಗುವುದು, ಬರೆಯುವ ಗಳಿಗೆಯಲ್ಲಿ ಆ ಯಾರೋ ಏನು ಯೋಚಿಸುತ್ತಿದ್ದರೆಂದು ಅವಳು ಕೇಳಿದವಳೇ ಅಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಬಿದ್ದ ಪೆಟ್ಟಿಗೆಗಳ ವಿಷಯವನ್ನೂ ಹೇಳಿಬಿಟ್ಟಳು. ಅವನು, ಬಾಯಿ ಮುಚ್ಚಿಕೊಂಡಿರು, ಮುನ್ನೂರು ಕೋಟಿ ವರ್ಷ ಸುಮ್ಮನಿದ್ದ ಕಲ್ಲು ನಿನ್ನ ರಿಟೈರ್‌ಮೆಂಟಿನವರೆಗೆ ಸುಮ್ಮನಿರುವುದಿಲ್ಲವೇ ಎಂದ. ಆಮೇಲೆ ತಟ್ಟೆ ತೊಳೆಯುತ್ತ ಅವನೇ, ಆ ಹುಡುಗಿ ನಿನ್ನ ಮಾತು ನಂಬಿಕೊಂಡು ಮೂರು ಸಲ ಕಲ್ಲು ಅರೆದಿದ್ದಾಳಲ್ಲ, ಪಾಪ, ಎಂದ. ಎರಡರಲ್ಲಿ ಯಾವ ಮಾತು ಹಿಡಿಯಬೇಕೆಂದು ಅವಳು ಕೇಳಲಿಲ್ಲ. ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿ ಬಂದು ಹೆಲ್ಮೆಟ್ಟು ತೆಗೆಯುವ ಮೊದಲೇ ಉಗ್ರಾಣದಕ್ಕ ಗೇಟಿನ ಬಳಿ ಹೋಗಿ ನಿಂತಳು.

"ನಲವತ್ತೊಂದು ನಲವತ್ತೊಂದೇ ಅಂತ ನಂಗೆ ಗೊತ್ತಿಲ್ಲಮ್ಮ. ಆರು ವರ್ಷದ ಹಿಂದೆ ಬಿದ್ದು ಚೀಟಿ ಹೋಗಿತ್ತು. ನಾನು ಅಂದಾಜಿನ ಮೇಲೆ ಬರೆದಿಟ್ಟೆ. ನಲವತ್ತೆಂಟೂ ಹಾಗೇ."

ಹುಡುಗಿ ಹೆಲ್ಮೆಟ್ಟು ತೆಗೆದಳು. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆಮೇಲೆ ಬೇರೆ ಯಾರಿಗಾದರೂ ಇದು ಗೊತ್ತೇ ಎಂದು ಕೇಳಿದಳು. ಇಲ್ಲವೆಂದಾಗ, ಇಬ್ಬರೂ ಹೋಗಿ ಮೇಷ್ಟ್ರಿಗೆ ಹೇಳೋಣ ಎಂದಳು. ಮೇಷ್ಟ್ರು ಕೂಗಾಡಲಿಲ್ಲ. ಮುಖದ ಲವಲವಿಕೆಯೆಲ್ಲ ಇಳಿದುಹೋಗಿ ಮತ್ತೆ ನೆಲ ನೋಡತೊಡಗಿದರು. ಆರು ವರ್ಷ ಯಾಕೆ ಹೇಳಲಿಲ್ಲವೆಂದು ಒಮ್ಮೆ ಕೇಳಿದರು. ಅವಳು ಉತ್ತರಿಸಲು ಹೋದಳು, ಯಾಕೆ ಹೇಳಲಿಲ್ಲವೆಂಬುದು ತನಗೂ ಸರಿಯಾಗಿ ತಿಳಿಯದು ಎಂದು ಆಗಲೇ ಅರಿವಾದದ್ದು.

ದಾರಿ ತೋರಿಸಿದ್ದು ಹುಡುಗಿ. ಕೊಳವೆ ಕೊರೆದು ಮುಗಿದ ಮೇಲೆ ಅದರೊಳಗೆ ಒಂದು ಉಪಕರಣ ಇಳಿಸಿ, ಯಾವ ಆಳದಲ್ಲಿ ಕಲ್ಲು ಎಷ್ಟು ಕಿರಣ ಸೂಸುತ್ತದೆಂದು ಮೇಲಿಂದ ತಳದವರೆಗೆ ಅಳೆದಿರುತ್ತಾರೆ. ಆ ಕಾಗದದ ಸುರುಳಿ ದಾಖಲೆ ಕೋಣೆಯಲ್ಲಿ ಇದ್ದೇ ಇರಬೇಕು. ಅದು ಪೆಟ್ಟಿಗೆಯನ್ನೂ ಕಂಡಿಲ್ಲ, ಚೀಟಿಯನ್ನೂ ಕಂಡಿಲ್ಲ, ನೆಲವನ್ನಷ್ಟೇ ಕಂಡಿದೆ. ಈಗ ಪೆಟ್ಟಿಗೆಯಲ್ಲಿರುವ ಕಲ್ಲಿನ ಕಿರಣವನ್ನು ಅಳೆದು ಅದಕ್ಕೆ ಹೋಲಿಸಿದರೆ ಯಾವುದು ಎಲ್ಲಿಯದೆಂದು ತಿಳಿಯುತ್ತದೆ.

ಚರಣಿಗೆಯ ಹದಿನೆಂಟು ಪೆಟ್ಟಿಗೆ, ಅದರ ಆಚೀಚೆಯ ನಾಲ್ಕು, ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಹರಡಿದರು. ಟಾರ್ಚಿನಂಥ ಅಳತೆಯ ಯಂತ್ರವನ್ನು ಹುಡುಗಿ ಗೇಣುಗೇಣಿಗೂ ಕಲ್ಲಿಗೆ ಹಿಡಿದು ಅಂಕಿ ಹೇಳುವುದು, ಉಗ್ರಾಣದಕ್ಕ ಬರೆದುಕೊಳ್ಳುವುದು. ಬಿಸಿಲಿಗೆ ನೆತ್ತಿ ಕಾಯುತ್ತಿತ್ತು. ಬೆಳಗಿನಿಂದ ಸಂಜೆ ನಾಲ್ಕೂವರೆಯವರೆಗೆ ಇಬ್ಬರೂ ಅಂಕಿಯ ಹೊರತು ಬೇರೆ ಮಾತಾಡಲಿಲ್ಲ. ಕೊನೆಗೆ ಹುಡುಗಿ ಸುರುಳಿಯನ್ನು ನೆಲದ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಏರಿಳಿತಗಳನ್ನು ಒಂದೊಂದಾಗಿ ಹೋಲಿಸಿದಳು.

"ಸರಿಯಾಗೇ ಇದೆ ಅಕ್ಕ. ನಲವತ್ತೊಂದು ನಲವತ್ತೊಂದೇ. ನಲವತ್ತೆಂಟೂ ಅದರ ಜಾಗದಲ್ಲೇ ಇದೆ."

ಉಗ್ರಾಣದಕ್ಕ ಸಂತೋಷಪಡಬೇಕಿತ್ತು. ಸಂತೋಷಕ್ಕಾಗಿ ಒಳಗೆಲ್ಲ ತಡಕಾಡಿದಳು, ಕೈಗೆ ಸಿಗಲಿಲ್ಲ. ತನಗೆ ಗೊತ್ತಿಲ್ಲದೆಯೇ ತಾನು ಸರಿ ಬರೆದಿದ್ದಳು. ಅದನ್ನು ಗೊತ್ತಿತ್ತು ಎನ್ನಬಹುದೇ? ಅಷ್ಟು ಸಾಲದೆಂಬಂತೆ ಹುಡುಗಿ ಇನ್ನೊಂದನ್ನು ತೋರಿಸಿದಳು. ಬೀಳದೇ ಇದ್ದ ಮೂವತ್ತಾರನೇ ಪೆಟ್ಟಿಗೆಯಲ್ಲಿ, ಕೊನೆಯ ಕಾಲುವೆಯ ಏಳು ತುಂಡುಗಳ ಕೆಂಪು ಗೆರೆ ಎಡಕ್ಕಿತ್ತು. ಯಾರೋ ಯಾವಾಗಲೋ ತಿರುವಿಟ್ಟಿದ್ದಾರೆ. ಆ ಪೆಟ್ಟಿಗೆಯ ಮೇಲೆ ಅವಳಿಗೆ ಒಂದು ದಿನವೂ ಸಂಶಯ ಬಂದಿರಲಿಲ್ಲ.

ಪೆಟ್ಟಿಗೆ ಸರಿಯಿದ್ದ ಮೇಲೆ ಭೂಮಿಯೇ ಮಗುಚಿಕೊಂಡಿದೆ ಎಂದಾಯಿತಲ್ಲ ಎಂದುಕೊಂಡಳು. ಅದೂ ಅಷ್ಟು ಸಲೀಸಾಗಿರಲಿಲ್ಲ. ಸುದ್ದಿ ತಿಳಿದು ಉಗ್ರಾಣಕ್ಕೆ ಬಂದ ಮೇಷ್ಟ್ರು ತಮ್ಮ ಮಗುಚಿದ ಪದರಕ್ಕೆ ಮತ್ತೆ ಜೀವ ಬಂತೆಂದು ಖುಷಿಪಡುತ್ತಿರುವಾಗ ಹುಡುಗಿ ತಗ್ಗಿದ ದನಿಯಲ್ಲಿ ಬೇರೊಂದು ರಾಗ ತೆಗೆದಳು. ಪದರಗಳು ನೆಟ್ಟಗೇ ಇರಬಹುದು. ಜ್ವಾಲಾಮುಖಿಯ ಕರಗಿದ ಕಲ್ಲು ಮೇಲೇರಿ ಬರುವಾಗ ದಾರಿಯ ಹಳೆಯ ಬಂಡೆಯಿಂದ ಹಳೆಯ ಹರಳುಗಳನ್ನು ಕಿತ್ತು ತಂದಿರಬಹುದು. ಹಾಗಿದ್ದರೆ ಮುನ್ನೂರ ಹತ್ತು ಕೋಟಿ ಎಂಬುದು ಆ ಹರಳಿನ ವಯಸ್ಸು, ಪದರದ್ದಲ್ಲ. ಮೇಷ್ಟ್ರು ಒಪ್ಪಲಿಲ್ಲ. ಅಳೆದ ಮೂವತ್ತು ಹರಳಿನಲ್ಲಿ ಒಂದಾದರೂ ಎಳೆಯದು ಕಾಣಬೇಕಿತ್ತಲ್ಲ ಎಂದರು. ಇನ್ನೂ ನೂರು ಹರಳು ನೋಡದೆ ಹೇಳಲಾಗದೆಂದಳು ಹುಡುಗಿ. ಗುರು ಶಿಷ್ಯೆ ಇಬ್ಬರೂ ನಲವತ್ತೊಂದನೇ ಪೆಟ್ಟಿಗೆಯ ಎರಡು ಬದಿಗೆ ನಿಂತು, ಅವಳೊಬ್ಬಳು ಅಲ್ಲಿದ್ದಾಳೆಂಬುದನ್ನೇ ಮರೆತು, ಅರ್ಧ ಗಂಟೆ ಚರ್ಚೆ ಮಾಡಿದರು. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಅಂಕಿಗಳ ಕಾಗದ.

ಮೇಷ್ಟ್ರು ಹೋದ ಮೇಲೆ ಉಗ್ರಾಣದಕ್ಕ ಕೇಳಿದಳು. "ಹಾಗಾದ್ರೆ ಯಾವುದಮ್ಮ ನಿಜ?"

"ಇನ್ನೂ ಗೊತ್ತಿಲ್ಲ ಅಕ್ಕ," ಎಂದಳು ಹುಡುಗಿ, ಬ್ಯಾಗಿನ ಜಿಪ್ಪು ಎಳೆಯುತ್ತ. ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರೆ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಉಗ್ರಾಣದಕ್ಕ ಆರು ವರ್ಷ ಹೇಳಲಾರದೆ ನುಂಗಿಕೊಂಡಿದ್ದದ್ದೂ ಅದೇ ಮಾತು.

ಹದಿನೈದು ದಿನಕ್ಕೆ ಕಚೇರಿಯಿಂದ ಒಂದು ಮೆಮೊ ಬಂತು. ಮೊದಲ ಪ್ಯಾರಾದಲ್ಲಿ ಮಾಹಿತಿಯನ್ನು ಆರು ವರ್ಷ ಮುಚ್ಚಿಟ್ಟದ್ದಕ್ಕೆ ಎಚ್ಚರಿಕೆ. ಎರಡನೆಯದರಲ್ಲಿ ಹದಿನೆಂಟು ಪೆಟ್ಟಿಗೆಗಳನ್ನು ಒಂದೂ ತಪ್ಪದಂತೆ ಮರಳಿ ಜೋಡಿಸಿದ್ದಕ್ಕೆ ಮೆಚ್ಚುಗೆ. ಮೂರನೆಯದರಲ್ಲಿ, ಉಗ್ರಾಣದಲ್ಲಿ ಅನುಮಾನವಿರುವ ಪ್ರತಿಯೊಂದು ಚೀಟಿಯನ್ನೂ ಬೇರೆ ಪುಸ್ತಕದಲ್ಲಿ ಗುರುತು ಮಾಡಬೇಕೆಂಬ ಆದೇಶ. ಅವಳು ಮೂರು ಸಲ ಓದಿದಳು. ತನ್ನನ್ನು ಬೈದಿದ್ದಾರೋ ಹೊಗಳಿದ್ದಾರೋ ಬಗೆಹರಿಯಲಿಲ್ಲ. ಗಂಡನೂ ಓದಿ, ಕೆಳಗೆ ಸಹಿ ಮಾಡಿದವರು ಒಬ್ಬರೇನಾ ಎಂದು ತಿರುಗಿಸಿ ನೋಡಿದ.

ಹೊಸ ಪುಸ್ತಕದ ಮೊದಲ ಪುಟದಲ್ಲಿ ಮೂವತ್ತಾರನೇ ಪೆಟ್ಟಿಗೆಯನ್ನು ಬರೆದಳು. ಒಂದು ವಾರಕ್ಕೆ ನಾಲ್ಕು ಪುಟ ಆಯಿತು. ನೋಡುತ್ತ ಹೋದಷ್ಟೂ ಅಳಿಸಿದ ಅಂಕಿ, ಒಂದರ ಮೇಲೊಂದು ಅಂಟಿಸಿದ ಚೀಟಿ, ಏಳೋ ಒಂದೋ ತಿಳಿಯದ ಬರಹ. ಈಗ ಯಾರಾದರೂ ಆಳ ಹೇಳಿ ಕಲ್ಲು ಕೇಳಿದರೆ ಅವಳು ನೇರ ಹೋಗುವುದಿಲ್ಲ. ಮೊದಲು ಪುಸ್ತಕ ತೆಗೆಯುತ್ತಾಳೆ, ಆಮೇಲೆ ರಿಜಿಸ್ಟರು, ಆಮೇಲೆ ಚರಣಿಗೆ. ಉಗ್ರಾಣದಕ್ಕನಿಗೆ ವಯಸ್ಸಾಯಿತು ಎಂದು ಹೊಸಬರು ಮಾತಾಡಿಕೊಂಡದ್ದು ಅವಳ ಕಿವಿಗೂ ಬಿತ್ತು.

ಹುಡುಗಿಯ ನೂರು ಹರಳಿನ ಕೆಲಸ ಇನ್ನೂ ಮುಗಿದಿಲ್ಲ. ಮೊನ್ನೆ ಮಧ್ಯಾಹ್ನ ಹೊಸ ಕೊಳವೆಯ ಕಲ್ಲು ಹೊತ್ತ ಲಾರಿಯೊಂದು ಬಂತು, ಅರವತ್ತು ಪೆಟ್ಟಿಗೆ. ಕೊರೆದವನೂ ಜೊತೆಗೇ ಬಂದಿದ್ದ, ಬಿಸಿರಕ್ತದ ಯುವಕ, ಬೇಗ ಇಳಿಸಿಕೊಳ್ಳಿ ಎಂದು ಅವಸರ ಮಾಡುತ್ತಿದ್ದ. ಉಗ್ರಾಣದಕ್ಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಒಂದನೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಇದರಲ್ಲಿ ಕಣ್ಣಾರೆ ಕಂಡು ಬರೆದದ್ದು ಎಷ್ಟು, ಅಂದಾಜಿಗೆ ಬರೆದದ್ದು ಎಷ್ಟು ಎಂದು ಕೇಳಿದಳು. ಅವನು ತಬ್ಬಿಬ್ಬಾಗಿ ಅವಳ ಮುಖ ನೋಡಿದ. ಅವಳು ಪೆನ್ನಿನ ಮುಚ್ಚಳ ತೆಗೆದು ಕಾದಳು.